ದುಡಿಯುವವನಿಗೆ ಮಲಗಲು ತಾವೆಲ್ಲಿ?

2025ರ ಆಗಸ್ಟ್ 14ರಂದು ವರ್ಲಿಯ ಬಿ.ಡಿ.ಡಿ. ಚಾಳುಗಳ 556 ಕುಟುಂಬಗಳಿಗೆ ಹೊಸ ಮನೆಗಳ ಬೀಗದ ಕೈಗಳನ್ನು ಹಂಚಲಾಯಿತು. 160 ಚದರಡಿಯ ಒಂದೇ ಖೋಲಿಯಲ್ಲಿ ಅಜ್ಜ, ಮಗ, ಮೊಮ್ಮಗ ಮೂರು ತಲೆಮಾರು ಬಾಳಿದ ಮನೆತನಗಳಿಗೆ 500 ಚದರಡಿಯ ಮನೆ, ಅದೂ ಅದೇ ವರ್ಲಿಯ ನೆಲದಲ್ಲಿ ದೊರೆಯಿತೆಂಬುದು ಸಂತೋಷದ ಸಂಗತಿ. 1920ರ ದಶಕದಲ್ಲಿ ವರ್ಲಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ ಎದ್ದುನಿಂತ 207 ಚಾಳುಗಳು ಶತಮಾನದ ಮಳೆಗಾಳಿಗೆ ಜೀರ್ಣವಾಗಿದ್ದುವು. ಬಡವನನ್ನು ಊರ ಹೊರಗಟ್ಟದೆ, ಅವನಿದ್ದ ಠಾವಿನಲ್ಲಿಯೇ ಅವನಿಗೊಂದು ಮರ್ಯಾದೆಯ ಮನೆಯನ್ನು ಕಟ್ಟಿಕೊಡಲು ಸಾಧ್ಯವೆಂಬುದಕ್ಕೆ ಇದೊಂದು ಸಾಕ್ಷಿಯಾಯಿತು. ಮಾಡಿದವರನ್ನು ನಾವು ಮನಸಾರೆ ಅಭಿನಂದಿಸುತ್ತೇವೆ.

ಆದರೆ ಸಂತೋಷದ ಈ ಗಳಿಗೆಯಲ್ಲಿಯೂ ಒಂದು ಪ್ರಶ್ನೆಯನ್ನು ಎತ್ತದಿದ್ದರೆ ನಾವು ನಮ್ಮ ವಾಚಕರಿಗೆ ದ್ರೋಹ ಬಗೆದಂತಾದೀತು. ಮನೆ ದೊರೆತುದು ಪಟ್ಟಿಯಲ್ಲಿ ಹೆಸರಿದ್ದವರಿಗೆ. ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದವರ ಗತಿಯೇನು? ಹೊಟೇಲಿನ ಅಟ್ಟದ ಮೇಲೆ ಚಾಪೆ ಬಿಡಿಸುವ ಮಾಣಿ, ಮುಚ್ಚಿದ ಬಾಗಿಲ ಹಿಂದೆ ಎರಡು ಮೇಜುಗಳನ್ನು ಜೋಡಿಸಿ ಮಲಗುವ ಸಪ್ಲೈಯರ್, ಯಾರದೋ ಹೆಸರಿನ ಖೋಲಿಯಲ್ಲಿ ಆರು ಮಂದಿಯ ಜೊತೆಗೆ ಬಾಡಿಗೆ ಹಂಚಿಕೊಳ್ಳುವ ಗುಮಾಸ್ತ, ಇವರು ಈ ಮಹಾನಗರದಲ್ಲಿ ವಾಸಿಸುತ್ತಿಲ್ಲವೆ? ವಾಸಿಸುತ್ತಿದ್ದರೆ, ಅವರ ಬಿಡಾರವು ಕೆಡವಲ್ಪಡುವ ದಿನ ಅವರನ್ನು ಕೇಳುವವರಾರು?

ದುಡಿಯುವವರ ಕೇರಿಯು ಕ್ರಮೇಣ ಹಣವಂತರ ಕೇರಿಯಾಗಿ, ಮೊದಲಿದ್ದವರು ಒಬ್ಬೊಬ್ಬರಾಗಿ ಜಾಗ ಬಿಡುವ ಈ ಕ್ರಿಯೆಗೆ ಇಂಗ್ಲಿಷಿನಲ್ಲಿ ‘ಜೆಂಟ್ರಿಫಿಕೇಶನ್’ ಎಂದು ಹೆಸರು. ಲಂಡನ್ನಿನ ಕೂಲಿಕಾರರ ಮೊಹಲ್ಲೆಗಳು ಹೀಗೆ ಕೈಬದಲಾಗುವುದನ್ನು ಕಂಡು ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ ಎಂಬವರು 1964ರಲ್ಲಿ ಆ ಶಬ್ದವನ್ನು ಟಂಕಿಸಿದರು. ಕನ್ನಡದಲ್ಲಿ ಅದಕ್ಕೆ ನೆಲೆನಿಂತ ಶಬ್ದವಿಲ್ಲ. ಶಬ್ದವಿಲ್ಲದಿದ್ದರೂ ಅನುಭವವಿದೆ. ಪರೇಲ್, ಲಾಲ್‌ಬಾಗ್, ಲೋವರ್ ಪರೇಲ್, ವರ್ಲಿಗಳಲ್ಲಿ ಚಹಾ ಹೊತ್ತು ನಡೆದ ನಮ್ಮ ಜನರಿಗೆ ಅದು ಕಣ್ಣಾರೆ ಕಂಡ ಚರಿತ್ರೆ.

ಆ ಚರಿತ್ರೆಯನ್ನು ಸ್ವಲ್ಪ ಜ್ಞಾಪಿಸಿಕೊಳ್ಳುವುದು ಒಳಿತು. 1854ರಲ್ಲಿ ಕಾವಸ್‌ಜಿ ದಾವರ್ ಎಂಬವರು ಮುಂಬಯಿಯ ಮೊದಲ ಹತ್ತಿಗಿರಣಿಗೆ ಅಂಕುರ ಹಾಕಿದರು. ಎರಡು ವರ್ಷಗಳ ತರುವಾಯ ತಾಡದೇವದಲ್ಲಿ ಅದರ ಚಕ್ರ ತಿರುಗಿತು. ಮುಂದೆ ಗಿರಣಿಗಳ ಸುತ್ತ ಚಾಳುಗಳು ಹಬ್ಬಿ ‘ಗಿರಣಗಾಂವ್’ ಎಂಬ ಒಂದು ಊರೇ ಊರೊಳಗೆ ಹುಟ್ಟಿಕೊಂಡಿತು. ಗಿರಣಿಯ ಭೋಂಗಾ ಕೂಗಿದರೆ ಕಾಲ್ನಡೆಯಲ್ಲಿ ಹೋಗಿ ತಲುಪಬೇಕು. ಆದುದರಿಂದ ಕಾರ್ಮಿಕನು ಗಿರಣಿಯ ಮಗ್ಗುಲಲ್ಲಿಯೇ ಮಲಗಿದನು. ಒಂದು ಪಾಳಿಯವರು ಕೆಲಸಕ್ಕೆ ಹೊರಟಾಗ ಇನ್ನೊಂದು ಪಾಳಿಯವರು ಅದೇ ಚಾಪೆಯಲ್ಲಿ ಮೈಚಾಚುತ್ತಿದ್ದರು. ಅವರಿಗೆ ಅನ್ನವಿಕ್ಕಿದುದು ಹೆಂಗಸರ ಖಾನಾವಳಿಗಳು. 1975ರಲ್ಲಿ ಪ್ರೇಮಾ ಪುರವ ಅವರು ಸ್ಥಾಪಿಸಿದ ಅನ್ನಪೂರ್ಣಾ ಮಹಿಳಾ ಮಂಡಳವು ಈ ಹೆಂಗಸರದೇ ಸಂಘಟನೆ. ಪಾಳಿ ಮುಗಿಸಿದವನಿಗೆ ಚಹಾ ಕೊಟ್ಟವರಲ್ಲಿ, ಇಡ್ಲಿ ಬಡಿಸಿದವರಲ್ಲಿ ಅನೇಕರು ನಮ್ಮ ಕರಾವಳಿಯ ಮಂದಿ. ಗಿರಣಿಯ ಚಕ್ರವೂ ನಮ್ಮ ರುಬ್ಬುವ ಕಲ್ಲೂ ಒಂದೇ ತಾಳಕ್ಕೆ ತಿರುಗುತ್ತಿದ್ದುವೆಂದರೆ ಅತಿಶಯೋಕ್ತಿಯಲ್ಲ.

1982ರ ಜನವರಿ 18ರಂದು ಡಾಕ್ಟರ್ ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರವು ಗೆಲ್ಲಲಿಲ್ಲ. ಗಿರಣಿಗಳು ಒಂದೊಂದಾಗಿ ತಣ್ಣಗಾದುವು. ಅಲ್ಲಿಗೆ ಕತೆ ಮುಗಿಯಿತೆಂದು ಲೋಕ ತಿಳಿಯಿತು. ವಾಸ್ತವದಲ್ಲಿ ಎರಡನೆಯ ಕತೆ ಆರಂಭವಾದುದೇ ಆಗ. ನೂಲಿನಿಂದ ಬರುವ ಲಾಭಕ್ಕಿಂತ ನೆಲದಿಂದ ಬರುವ ಲಾಭವು ನೂರು ಪಾಲು ಸುಲಭವೆಂಬುದು ಎಲ್ಲರಿಗೂ ಗೋಚರವಾಗಿತ್ತು.

ನಗರದ ನಡುಮಧ್ಯದಲ್ಲಿ 58 ಗಿರಣಿಗಳ ವಶದಲ್ಲಿದ್ದ ನೆಲ ಸುಮಾರು 600 ಎಕರೆ. ಅದನ್ನು ಹೇಗೆ ವಿನಿಯೋಗಿಸಬೇಕೆಂಬುದಕ್ಕೆ 1991ರಲ್ಲಿ ನಿಯಮವೊಂದು ಬಂತು. ಸ್ಥೂಲವಾಗಿ ಅದರ ನ್ಯಾಯ ಸರಳವಾಗಿತ್ತು. ಮೂರರಲ್ಲೊಂದು ಪಾಲು ಸಾರ್ವಜನಿಕರ ಉದ್ಯಾನ ಮೈದಾನಗಳಿಗೆ, ಮೂರರಲ್ಲೊಂದು ಪಾಲು ಸಾಮಾನ್ಯರ ವಸತಿಗೆ, ಉಳಿದ ಪಾಲು ಒಡೆಯರಿಗೆ. ಈ ನಿಯಮವು ಹಾಗೆಯೇ ನಿಂತಿದ್ದರೆ ಇಂದಿನ ಲೋವರ್ ಪರೇಲಿನ ಮುಖವೇ ಬೇರೆಯಾಗಿರುತ್ತಿತ್ತು. ಆದರೆ 2001ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಗಿರಣಿಯ ಕಟ್ಟಡ ನಿಂತಿದ್ದ ನೆಲವನ್ನು ಬಿಟ್ಟು, ಮೊದಲಿನಿಂದಲೂ ತೆರವಾಗಿದ್ದ ನೆಲವನ್ನು ಮಾತ್ರ ಪಾಲು ಮಾಡಿದರೆ ಸಾಕೆಂದಾಯಿತು. ಗಿರಣಿಯ ಆವರಣದ ಬಹುಭಾಗವೆಲ್ಲ ಕಟ್ಟಡವೇ! ತೆಂಗಿನಕಾಯಿಯನ್ನು ಪಾಲು ಮಾಡುತ್ತೇವೆಂದು ಹೇಳಿ, ತಿರುಳನ್ನು ಬದಿಗಿರಿಸಿ, ಸಿಪ್ಪೆಯನ್ನು ಮೂರು ಪಾಲು ಮಾಡಿದಂತಾಯಿತು. ಈ ತಿದ್ದುಪಡಿಯನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ 2005ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಸಾರ್ವಜನಿಕರ ಪರವಾಗಿ ತೀರ್ಪಿತ್ತಿತು. 2006ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಷ್ಟರೊಳಗೆ, 2005ರಲ್ಲಿಯೇ, ರಾಷ್ಟ್ರೀಯ ಜವಳಿ ನಿಗಮವು ತನ್ನ ಐದು ಗಿರಣಿಗಳ ನೆಲವನ್ನು ಸುಮಾರು ಎರಡು ಸಾವಿರ ಕೋಟಿ ರೂಪಾಯಿಗಳಿಗೆ ಮಾರಿಯಾಗಿತ್ತು.

ಗಿರಣಿಯವನ ಪಾಲಿಗೆ ಬಂದುದೇನು? ಮನೆ ಬೇಡಿ ಅರ್ಜಿ ಹಾಕಿದವರು ಒಂದೂವರೆ ಲಕ್ಷಕ್ಕೂ ಮಿಕ್ಕಿದ್ದರು. 2012ರಲ್ಲಿ ಚೀಟಿಯೆತ್ತಿ ಹಂಚಿದ ಮನೆಗಳು 6,925. ಅನಂತರವೂ ಆಗೊಮ್ಮೆ ಈಗೊಮ್ಮೆ ಚೀಟಿಯೆತ್ತಲಾಯಿತು; ಅರ್ಜಿದಾರರ ಸಂಖ್ಯೆಯ ಮುಂದೆ ಅದು ಅರೆಕಾಸಿನ ಮಜ್ಜಿಗೆ. ಕೊನೆಗೆ ಬದಲಾಪುರವನ್ನೂ ದಾಟಿ ಕರ್ಜತ್ ದಾರಿಯಲ್ಲಿರುವ ವಾಂಗಣಿ, ಶೇಲುಗಳಲ್ಲಿ ಮನೆ ಕೊಡುತ್ತೇವೆಂಬ ಮಾತು ಬಂದಾಗ, 2025ರ ಜುಲೈಯಲ್ಲಿ ಮುದುಕ ಮುದುಕಿಯರು ಆಜಾದ್ ಮೈದಾನದಲ್ಲಿ ಬಂದು ಕುಳಿತರು. ಪರೇಲಿನಲ್ಲಿ ಬೆವರು ಸುರಿಸಿದವನಿಗೆ ಪರೇಲಿನಲ್ಲಿ ಆರಡಿ ನೆಲವಿಲ್ಲವೆಂದರೆ ಅದನ್ನು ಅಭಿವೃದ್ಧಿಯೆಂದು ಕರೆಯಲು ನಮ್ಮ ನಾಲಿಗೆ ತಡವರಿಸುತ್ತದೆ.

ಇಷ್ಟೂ ಗಿರಣಿಯವರ ಮಾತಾಯಿತು. ಅವರಿಗೆ ಸಂಘವಿತ್ತು, ಹಾಜರಿ ಪುಸ್ತಕದಲ್ಲಿ ಹೆಸರಿತ್ತು, ಕೈಯಲ್ಲಿ ಗೇಟು ಪಾಸಿತ್ತು. ಅಷ್ಟಿದ್ದೂ ಅವರಿಗೆ ಈ ಪಾಡು. ಇದಾವುದೂ ಇಲ್ಲದ ನಮ್ಮವರ ಪಾಡನ್ನು ಈಗ ನೋಡೋಣ.

ಮುಂಬಯಿಯ ಹಳೆಯ ಹೊಟೇಲುಗಳು ಅನೇಕವು ಪಗಡಿಯ ಜಾಗದಲ್ಲಿ ನಿಂತವು. ಬರುವಾಗ ಮೊತ್ತವೊಂದನ್ನು ಕಟ್ಟಿ, ತಿಂಗಳಿಗೆ ಅಲ್ಪ ಬಾಡಿಗೆ ಕೊಟ್ಟು, ಬಿಡುವಾಗ ಹಕ್ಕನ್ನು ಇನ್ನೊಬ್ಬನಿಗೆ ದಾಟಿಸಿ ಕಟ್ಟಡದೊಡೆಯನಿಗೆ ಪಾಲು ಕೊಡುವ ಪದ್ಧತಿಯಿದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು ಈ ಪಗಡಿಗೆ ಕಾನೂನಿನ ಮನ್ನಣೆಯನ್ನೂ ಇತ್ತಿತು. ಆದುದರಿಂದ ಹಳೆಯ ಕಟ್ಟಡವನ್ನು ಕೆಡವಲು ಬಿಲ್ಡರನು ಬಂದಾಗ ಮೂವರು ಮೇಜಿನ ಮುಂದೆ ಕುಳಿತುಕೊಳ್ಳುತ್ತಾರೆ: ಕಟ್ಟಡದೊಡೆಯ, ಬಿಲ್ಡರ್ ಮತ್ತು ಬಾಡಿಗೆ ಹಕ್ಕುಳ್ಳ ಹೊಟೇಲು ಮಾಲಕ. ಒಡೆಯನಿಗೆ ಹಣ, ಬಿಲ್ಡರನಿಗೆ ಮೇಲಿನ ಮಹಡಿಗಳು, ಮಾಲಕನಿಗೆ ಹೊಸ ಕಟ್ಟಡದಲ್ಲಿ ಅಂಗಡಿ ಅಥವಾ ಅದರ ಬೆಲೆ. ಆ ಮೇಜಿಗೆ ಚಹಾ ತಂದಿಡುವ ನಾಲ್ಕನೆಯವನು ಅದೇ ಹೊಟೇಲಿನ ಅಟ್ಟದಲ್ಲಿ ಹದಿನೈದು ವರ್ಷ ಮಲಗಿದವನು. ಅವನಿಗೆ ಕುರ್ಚಿಯಿಲ್ಲ. ಕೆಡವುವ ದಿನ ಅವನ ಕೈಗೆ ಬರುವುದು ಬಾಕಿ ಪಗಾರ ಮತ್ತು ಊರಿನ ಬಸ್ಸಿನ ಚಾರ್ಜು.

ನಾವೂ ಗಲ್ಲೆಯ ಹಿಂದೆ ಕುಳಿತು ಬಂದವರೇ. ಮಾಲಕರ ಕಷ್ಟವನ್ನು ಅರಿಯೆವೆಂದಲ್ಲ. ಹೊಸ ಕಟ್ಟಡದ ತಿಂಗಳ ಖರ್ಚನ್ನು ತೆತ್ತು ಇಡ್ಲಿ ವಡೆ ಮಾರಿ ಬದುಕುವುದು ಸುಲಭವಲ್ಲ. ಸುತ್ತಲಿನ ಗಿರಾಕಿಯೇ ಬದಲಾದಾಗ ಹೊಟೇಲು ಹಿಂದಿನಂತೆ ನಡೆಯುವುದೂ ಇಲ್ಲ. ಆದುದರಿಂದ ಮಾಲಕನು ಜಾಗವನ್ನು ಬ್ಯಾಂಕಿಗೋ ಔಷಧದಂಗಡಿಗೋ ಬಿಟ್ಟು ಕೈತೊಳೆದುಕೊಂಡರೆ ಅವನನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಆದರೆ ಜಾಗಕ್ಕೆ ಬಂದ ಬೆಲೆಯಲ್ಲಿ ಅಟ್ಟದ ಮೇಲೆ ಮಲಗಿದವನ ದುಡಿಮೆಯೂ ಸೇರಿದೆಯೆಂಬುದನ್ನು ಮರೆಯುವುದು ಧರ್ಮವಲ್ಲ.

ಕಾನೂನು ಕೂಡ ಕಾಗದವನ್ನು ಕೇಳುತ್ತದೆಯೇ ಹೊರತು ಮನುಷ್ಯನನ್ನಲ್ಲ. ಹಳೆಯ ಕಟ್ಟಡಗಳ ಪುನರ್ನಿರ್ಮಾಣದಲ್ಲಿ 1996ರ ಜೂನ್ 13ಕ್ಕೆ ಮೊದಲಿನ ಬಾಡಿಗೆದಾರನೇ ಅರ್ಹ. ಝೋಪಡಪಟ್ಟಿಯಲ್ಲಿ 2000ದ ಜನವರಿ 1ಕ್ಕೆ ಮೊದಲಿನವನಿಗೆ ಉಚಿತ ಮನೆ, 2011ರ ಜನವರಿ 1ರ ವರೆಗಿನವನಿಗೆ ಹಣ ತೆತ್ತರೆ ಮನೆ. ತಾರೀಖುಗಳು ಬೇಕಾದುವೇ, ಇಲ್ಲದಿದ್ದರೆ ಮೋಸಕ್ಕೆ ಮಿತಿಯಿರದು. ಆದರೆ ಅಟ್ಟದ ಮೇಲೆ ಮಲಗುವವನಿಗೆ ಯಾವ ತಾರೀಖು? ಅವನು ಬಾಡಿಗೆದಾರನಲ್ಲ, ಝೋಪಡಿಯ ಒಡೆಯನಲ್ಲ. ಸರಕಾರದ ಲೆಕ್ಕದಲ್ಲಿ ಅವನ ಹಾಸಿಗೆಯೇ ಇಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಹಿರಿಯರು ಬುದ್ಧಿ ಹೇಳಿದರು. ಹಾಸಿಗೆಯನ್ನೇ ಸುತ್ತಿಕೊಂಡು ಹೋದರೆ ಕಾಲನ್ನು ಎಲ್ಲಿ ಚಾಚಬೇಕೆಂದು ಅವರು ಹೇಳಿಲ್ಲ.

ಹಾಸಿಗೆ ದೂರವಾದರೆ ಏನಾಗುತ್ತದೆಂಬುದು ಕಚೇರಿಯ ಗುಮಾಸ್ತರಿಗೆ ಚೆನ್ನಾಗಿ ಗೊತ್ತು. ಡೊಂಬಿವಲಿ, ಮೀರಾರೋಡ್, ನಾಲಾಸೋಪಾರಗಳಿಗೆ ಸರಿದುಹೋದ ನಮ್ಮ ಸಂಸಾರಗಳು ದಿನಕ್ಕೆ ಮೂರು ನಾಲ್ಕು ಗಂಟೆಗಳನ್ನು ರೈಲಿಗೆ ತೆರುತ್ತಿವೆ. ಹೊಟೇಲಿನವನಿಗೆ ಆ ಅನುಕೂಲವೂ ಇಲ್ಲ. ಲೋಕಲು ಗಾಡಿಗಳು ನಡುರಾತ್ರಿ ಕಳೆದು ನಿಲ್ಲುತ್ತವೆ, ಬೆಳಗಿನ ಜಾವ ನಾಲ್ಕರ ಸುಮಾರಿಗೆ ಹೊರಡುತ್ತವೆ. ಕೊನೆಯ ಗಿರಾಕಿ ಎದ್ದುಹೋದ ಮೇಲೆ ಪಾತ್ರೆ ತೊಳೆದು, ನೆಲ ಒರಸಿ, ಮರುದಿನದ ಹಿಟ್ಟಿಗೆ ಅಕ್ಕಿ ಉದ್ದು ನೋಡಿಕೊಳ್ಳುವವನಿಗೆ ಯಾವ ಗಾಡಿ? ಇಡ್ಲಿಯ ಹಬೆಯೇಳುವ ಮುಂಚೆ ಒಲೆ ಹಚ್ಚಬೇಕಾದ ಭಟ್ಟರಿಗೆ ಯಾವ ಗಾಡಿ? ಕೆಲಸದ ಹತ್ತಿರ ಮಲಗುವುದು ಅವರ ಪಾಲಿಗೆ ಸುಖದ ಮಾತಲ್ಲ, ಕೆಲಸದ ಮಾತು.

ಇನ್ನು ಮಕ್ಕಳ ವಿದ್ಯೆ. ಹಗಲು ತಟ್ಟೆಯೆತ್ತಿ ರಾತ್ರಿ ಸ್ಲೇಟು ಹಿಡಿದ ತಲೆಮಾರೊಂದು ಈ ನಗರದ ಕನ್ನಡ ರಾತ್ರಿ ಶಾಲೆಗಳಿಂದ ಹೊರಬಂದಿದೆ. ನಾವು ಎಸ್.ಎಸ್.ಎಲ್.ಸಿ.ಯ ವರೆಗೆ ಓದಿದುದೂ ಅಂಥದೊಂದು ಶಾಲೆಯ ಪುಣ್ಯದಿಂದ. ಕೋಟೆ ಪ್ರದೇಶದಲ್ಲಿ ಮೊಗವೀರ ಬಂಧುಗಳು ನಡೆಸಿದ ಉಚಿತ ರಾತ್ರಿ ಶಾಲೆಯಂಥವು ನಡೆದುದು ಹೇಗೆ? ಕೆಲಸ, ಮಲಗುವ ಜಾಗ, ಶಾಲೆ ಮೂರೂ ನಡೆದು ತಲುಪುವಷ್ಟು ಹತ್ತಿರವಿದ್ದುದರಿಂದ. ಹುಡುಗನನ್ನು ಮೂವತ್ತು ಮೈಲಿ ಆಚೆ ಮಲಗಿಸಿದರೆ ರಾತ್ರಿ ಶಾಲೆ ಯಾರಿಗಾಗಿ? ಜಾಗ ಕಳಕೊಂಡವನು ಬರಿಯ ಜಾಗವನ್ನಲ್ಲ, ಮೇಲೇರುವ ಏಣಿಯ ಮೆಟ್ಟಿಲನ್ನೂ ಕಳಕೊಳ್ಳುತ್ತಾನೆ.

ನೆಲದ ಬೆಲೆ ನೋಡಿದವರು ಜನರ ನಡೆದಾಟವನ್ನು ನೋಡದಿದ್ದರೆ ಏನಾಗುವುದೆಂಬುದಕ್ಕೆ 2017ನೆಯ ಇಸವಿ ಎರಡು ಘೋರ ಪಾಠಗಳನ್ನು ಕಲಿಸಿತು. ಸಪ್ಟಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಸೇತುವೆಯಲ್ಲಿ ನೂಕುನುಗ್ಗಲಾಗಿ 23 ಮಂದಿ ಮಡಿದರು. ಗಿರಣಿಯ ನೆಲದಲ್ಲಿ ಕಚೇರಿಗಳ ಗೋಪುರಗಳೆದ್ದಿದ್ದುವು. ಸೇತುವೆ ಮಾತ್ರ ಅಗಲವಾಗಿರಲಿಲ್ಲ. ಸರಿಯಾಗಿ ಮೂರು ತಿಂಗಳಿಗೆ, ದಶಂಬರ್ 29ರಂದು, ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಮೇಲಣ ಪಾನಗೃಹಕ್ಕೆ ಬೆಂಕಿ ತಗಲಿ 14 ಮಂದಿ ಸತ್ತರು. ಗೋಪುರಕ್ಕೆ ಪರವಾನಿಗೆ ಸಿಕ್ಕಷ್ಟು ಬೇಗ ಮನುಷ್ಯನ ಸುರಕ್ಷಿತತೆಗೆ ಗಮನ ಸಿಗಲಿಲ್ಲ.

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರುವುದುಂಟು. ಒಂದು, ಸೋರುವ ಚಾಳು, ಉಸಿರುಗಟ್ಟುವ ಅಟ್ಟ ಇವುಗಳಿಗಾಗಿ ಅಳುವುದೇಕೆ ಎಂಬುದು. ನಾವು ಅವುಗಳಿಗಾಗಿ ಅಳುತ್ತಿಲ್ಲ. ಅಟ್ಟದ ಸೆಕೆಯಲ್ಲಿ, ತಿಗಣೆಯ ಕಾಟದಲ್ಲಿ ಕಾವ್ಯವೇನೂ ಇಲ್ಲವೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಅಟ್ಟ ಹೋಗಲಿ, ಅಟ್ಟದವನು ಹೋಗಬಾರದೆಂಬುದು ನಮ್ಮ ಮಾತು. ಇನ್ನೊಂದು, ನೆಲ ಖಾಸಗಿಯವರದು, ಬೆಲೆ ಬಜಾರದ್ದು, ಇದರಲ್ಲಿ ಸರಕಾರಕ್ಕೇನು ಕೆಲಸ ಎಂಬುದು. ಇದು ಪೂರ್ಣ ಸತ್ಯವಲ್ಲ. ಒಂದು ತುಂಡು ನೆಲದ ಮೇಲೆ ಎಷ್ಟು ಮಹಡಿ ಕಟ್ಟಬಹುದೆಂಬುದನ್ನು ನಿಶ್ಚಯಿಸುವುದು ಎಫ್.ಎಸ್.ಐ. ಎಂಬ ಸರಕಾರಿ ಅಳತೆ. ನಾಲ್ಕು ಮಹಡಿಯ ಜಾಗದಲ್ಲಿ ನಲ್ವತ್ತು ಮಹಡಿ ಎದ್ದರೆ ಆ ಹೆಚ್ಚಿನ ಬೆಲೆಯನ್ನು ಹುಟ್ಟಿಸಿದುದು ಬಜಾರವೊಂದೇ ಅಲ್ಲ, ಸರಕಾರದ ರುಜು ಕೂಡ. ಸಾರ್ವಜನಿಕರ ಹೆಸರಿನಲ್ಲಿ ಬಿದ್ದ ರುಜುವಿಗೆ ಸಾರ್ವಜನಿಕರು ಪ್ರತಿಫಲ ಕೇಳುವುದು ತಪ್ಪಲ್ಲ.

ಬಡವನು ಕೆಲಸದ ಹತ್ತಿರವೇ ಇರುವುದು ಹಟದಿಂದಲ್ಲ, ಹೊಟ್ಟೆಪಾಡಿನಿಂದ ಎಂಬುದನ್ನು ದೇಶದ ಸರ್ವೋಚ್ಚ ನ್ಯಾಯಾಲಯವೇ ಒಪ್ಪಿದೆ. ಮುಂಬಯಿಯ ಕಾಲುದಾರಿಗಳಲ್ಲಿ ವಾಸಿಸುವವರ ಪರವಾಗಿ ಓಲ್ಗಾ ಟೆಲಿಸ್ ಮೊದಲಾದವರು ಹೂಡಿದ ಮೊಕದ್ದಮೆಯಲ್ಲಿ, 1985ರಲ್ಲಿ, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆಯೆಂದು ಅದು ಸಾರಿತು. ನೋಟೀಸು ಕೊಟ್ಟು ತೆರವು ಮಾಡಬಹುದೆಂದೂ ಅದೇ ತೀರ್ಪು ಹೇಳಿತು. ಮೊದಲ ಮಾತು ಪುಸ್ತಕದಲ್ಲಿ ಉಳಿದಿದೆ. ಎರಡನೆಯ ಮಾತು ಬೀದಿಯಲ್ಲಿ ನಡೆದಿದೆ.

ಇದು ಮುಂಬಯಿಯೊಂದರ ಗೋಳೆಂದು ಇತರ ನಗರಗಳ ನಮ್ಮ ಬಂಧುಗಳು ತಿಳಿಯಬಾರದು. ದಿಲ್ಲಿಯಲ್ಲಿ 2004ರಲ್ಲಿ ಯಮುನೆಯ ದಂಡೆಯ ಪುಷ್ತಾ ಬಸ್ತಿಗಳನ್ನು ಕಿತ್ತಾಗ ಅನೇಕರಿಗೆ ಜಾಗ ದೊರೆತುದು ನಗರದಂಚಿನ ಬವಾನಾದಲ್ಲಿ. ಚೆನ್ನೈಯ ಕೂವಂ ದಂಡೆಯವರು ಪೆರುಂಬಾಕ್ಕಮಿಗೆ ಸಾಗಿಸಲ್ಪಟ್ಟರು. ನಮ್ಮ ಬೆಂಗಳೂರಿನಲ್ಲಿಯೂ 2013ರ ಜನವರಿಯ ಚಳಿಯಲ್ಲಿ ಈಜಿಪುರದ ಬಡವರ ವಸತಿಗಳನ್ನು ಯಂತ್ರ ಹಚ್ಚಿ ನೆಲಸಮ ಮಾಡಲಾಯಿತು. ಊರಿನ ಹೆಸರು ಬೇರೆ, ರೀತಿ ಒಂದೇ: ದುಡಿಮೆ ಬೇಕು, ದುಡಿಯುವವನು ಕಣ್ಣಿಗೆ ಬೀಳಬಾರದು.

ಹಾಗಾದರೆ ಮಾಡಬೇಕಾದುದೇನು? ಬರಿಯ ನಿಟ್ಟುಸಿರಿನಿಂದ ಸೂರು ಏಳುವುದಿಲ್ಲ.

ಮೊದಲನೆಯದು ಸರಕಾರಕ್ಕೆ. 2020ರ ಮಾರ್ಚಿನಲ್ಲಿ ದೇಶಕ್ಕೆ ಬೀಗ ಬಿದ್ದಾಗ ಹೊಟೇಲುಗಳು ಮುಚ್ಚಿದುವು. ಮಲಗುವ ಜಾಗವೂ ಹೊಟೇಲೇ ಆಗಿದ್ದವರಿಗೆ ಅನ್ನ, ಸೂರು ಎರಡೂ ಒಂದೇ ದಿನ ಅಲುಗಾಡಿದುವು. ಆ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಉಡುಪಿ ಜಿಲ್ಲೆಗೆ ಮರಳಿ, ಕ್ವಾರಂಟೈನಿನ ಶಾಲಾ ಕೋಣೆಗಳಲ್ಲಿ ದಿನ ಎಣಿಸಿದವರನ್ನು ಕೇಳಿದರೆ ತಿಳಿದೀತು. ಆ ವರ್ಷದ ಜುಲೈಯಲ್ಲಿಯೇ ಕೇಂದ್ರ ಸರಕಾರವು ವಲಸೆ ದುಡಿಮೆಗಾರರಿಗಾಗಿ ಕಡಮೆ ಬಾಡಿಗೆಯ ವಸತಿ ಸಮುಚ್ಚಯಗಳ ಯೋಜನೆಯನ್ನು ಒಪ್ಪಿತು. ಹೊಟೇಲು ಉದ್ಯಮದ ನೌಕರರೂ ಅದರ ವ್ಯಾಪ್ತಿಯಲ್ಲಿದ್ದರು. 2024ರ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೆಯ ಹಂತದಲ್ಲಿಯೂ ಬಾಡಿಗೆ ವಸತಿಗೆ ಸ್ಥಾನವಿದೆ. ಕಾಗದದ ಈ ಅವಕಾಶವನ್ನು ದಾದರ, ಪರೇಲ್, ಅಂಧೇರಿಗಳಲ್ಲಿ ನೆಲಕ್ಕಿಳಿಸಬೇಕು. ಎಲ್ಲರಿಗೂ ಸ್ವಂತ ಮನೆ ಕೊಡಿರೆಂದು ನಾವು ಕೇಳುತ್ತಿಲ್ಲ. ಊರಲ್ಲಿ ಹೆಂಡತಿ ಮಕ್ಕಳನ್ನಿಟ್ಟು ದುಡಿಯಲು ಬಂದವನಿಗೆ ಬೇಕಾದುದು ಒಂದು ಮಂಚ, ಒಂದು ಪೆಟ್ಟಿಗೆಯಿಡುವ ಜಾಗ, ನೀರು, ಶೌಚಗೃಹ, ಮತ್ತು ಬಾಡಿಗೆಗೆ ಅವನದೇ ಹೆಸರಿನ ರಶೀದಿ. ಪುನರ್ನಿರ್ಮಾಣಕ್ಕೆ ಹೆಚ್ಚಿನ ಎಫ್.ಎಸ್.ಐ. ಕೊಡುವಾಗಲೇ ಇಂಥ ಮಂಚಗಳನ್ನು ಶರ್ತಿನಲ್ಲಿ ಬರೆದಿಡಲಿ.

ಎರಡನೆಯದು ಮಾಲಕ ಬಂಧುಗಳಿಗೆ. ಜಾಗವನ್ನು ಬಿಟ್ಟುಕೊಡುವ ಕರಾರಿಗೆ ರುಜು ಹಾಕುವ ಮುನ್ನ ಅಲ್ಲಿ ಮಲಗುವ ಕೆಲಸದವರ ಒಂದು ಯಾದಿಯನ್ನು ಮಾಡಿರಿ. ಬಂದ ಹಣದಲ್ಲಿ ಅವರಿಗೊಂದು ಪಾಲನ್ನು, ಇನ್ನೊಂದು ನೆಲೆ ಹುಡುಕಿಕೊಳ್ಳಲು ಸಾಕಷ್ಟು ಸಮಯವನ್ನು ಕೊಡಿರಿ. ಕೆಲಸಗಾರನ ನಿದ್ರೆ ಮಾಲಕನ ಮರ್ಜಿಯ ಮೇಲೆ ನಿಂತಿರುವುದು ಇಬ್ಬರಿಗೂ ಶ್ರೇಯಸ್ಕರವಲ್ಲ. ಕೆಲಸ ಬಿಟ್ಟ ಸಂಜೆಯೇ ಹಾಸಿಗೆಯನ್ನೂ ಬಿಡಬೇಕಾದವನು ನ್ಯಾಯವಾದ ಮಾತನ್ನು ಆಡಲು ಹೇಗೆ ಧೈರ್ಯ ಮಾಡಿಯಾನು? ಆದುದರಿಂದಲೇ ವಸತಿಯು ಹೊಟೇಲಿನ ಹೊರಗೆ, ಅವನ ಹೆಸರಿನಲ್ಲಿ ಇರಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಮೂರನೆಯದು ನಮ್ಮ ಸಂಘಸಂಸ್ಥೆಗಳಿಗೆ. ಸಭಾಭವನಗಳನ್ನು ಕಟ್ಟಿದ್ದೇವೆ, ದೇವರ ಉತ್ಸವಗಳನ್ನು ಮೆರೆಸಿದ್ದೇವೆ, ಯಕ್ಷಗಾನ ಆಡಿಸಿದ್ದೇವೆ. ಆಟ ನೋಡಿ ಎದ್ದ ಹುಡುಗನು ಆ ರಾತ್ರಿ ಎಲ್ಲಿ ಮಲಗಿದನೆಂದು ವಿಚಾರಿಸುವ ಕೆಲಸವನ್ನೂ ಕೈಗೆತ್ತಿಕೊಳ್ಳೋಣ. ಹತ್ತು ಸಂಘಗಳು ಸೇರಿ ನೂರು ಮಂಚದ ಒಂದು ವಸತಿಗೃಹವನ್ನು ನಡೆಸುವುದು ಅಸಾಧ್ಯವಲ್ಲ.

ಕೊನೆಯದು, ನಮ್ಮ ಕೆಲಸಗಾರ ತಮ್ಮಂದಿರಿಗೆ ಮತ್ತು ಗುಮಾಸ್ತ ಮಿತ್ರರಿಗೆ. ಕಾಗದವನ್ನು ತಾತ್ಸಾರ ಮಾಡಬೇಡಿರಿ. ಖೋಲಿಯನ್ನು ಹನ್ನೊಂದು ತಿಂಗಳ ಲೀವ್ ಎಂಡ್ ಲೈಸೆನ್ಸಿನಲ್ಲಿ ಪಡೆದರೂ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆಯನ್ನು 1999ರ ಕಾಯಿದೆಯು ಮನೆಯೊಡೆಯನ ಮೇಲೆಯೇ ಹೊರಿಸಿದೆ. ಪಗಾರದ ಚೀಟಿ, ಆಧಾರ್ ಕಾರ್ಡು, ರೇಶನ್ ಕಾರ್ಡು, ಬಾಡಿಗೆಯ ರಶೀದಿ ಇವುಗಳನ್ನು ಟ್ರಂಕಿನ ಅಡಿಯಲ್ಲಿ ಜೋಪಾನವಾಗಿಡಿರಿ. ಪಟ್ಟಿ ಬರೆಯುವ ಅಧಿಕಾರಿ ಬಂದ ದಿನ ನಿಮ್ಮ ಪರವಾಗಿ ಮಾತಾಡುವುದು ಅವೇ.

ಮುಂಬಯಿಗೆ ಬಂದವರನ್ನು ಈ ನಗರವು ಉಪವಾಸ ಕೆಡವಿಲ್ಲ. ಆ ಋಣವನ್ನು ನಾವು ಎಂದಿಗೂ ಮರೆಯಲಾರೆವು. ನಗರವೂ ನಮ್ಮ ಕೈಯ ಅನ್ನವನ್ನು ಉಂಡಿದೆ. ಮುಂಜಾನೆ ಐದಕ್ಕೆ ಬಿಸಿ ಚಹಾ, ಏಳಕ್ಕೆ ಇಡ್ಲಿ, ಮಧ್ಯಾಹ್ನಕ್ಕೆ ಊಟ ಹೊತ್ತಿಗೆ ಸರಿಯಾಗಿ ಸಿಗಬೇಕೆಂದು ಬಯಸುವವರು, ಅವನ್ನು ಕೊಡುವವನು ಹಿಂದಿನ ರಾತ್ರಿ ಎಲ್ಲಿ ತಲೆಯಿಟ್ಟನೆಂದು ಕೇಳುವ ಕರ್ತವ್ಯಕ್ಕೂ ಬದ್ಧರು. ಮುಂದೆ ಕೆಡವಲಿರುವ ಕಟ್ಟಡಗಳ ಪಟ್ಟಿಯಲ್ಲಿ ಅಟ್ಟದವನಿಗಾಗಿಯೂ ಒಂದು ಸಾಲು ಇರಲಿ. ಆ ಒಂದು ಸಾಲಿಗಾಗಿ ಸರಕಾರವನ್ನು, ಪಾಲಿಕೆಯನ್ನು, ನಮ್ಮವರೇ ಆದ ಮಾಲಕರನ್ನು ಕೇಳುತ್ತಲೇ ಇರುವುದು ಈ ಪತ್ರಿಕೆಯ ಕೆಲಸ.